ನಿಯೆವೆಸ್‌ಳ ಪಾಲಿಗೆ ಬಂದ ರಕ್ತ

ಎಲ್ ತೆಪಾಮೆ, ಹಲಿಸ್ಕೊ
18 ಜನವರಿ 2009

ಅಕ್ಕಾ,

ಫೋನಿನಲ್ಲಿ ಹೇಳಲಾಗದ ಮಾತುಗಳು ಬಹಳ ಸೇರಿಕೊಂಡಿವೆ, ಅದಕ್ಕೇ ಈ ಕಾಗದ. ಫೋನು ಇರುವುದು ಅಮ್ಮನ ಮಂಚದ ಪಕ್ಕ. ನಾನು ಹಲೋ ಎನ್ನುವುದರೊಳಗೆ ಅವಳು ರೇಡಿಯೋ ಆರಿಸಿ ಕಿವಿ ಕೊಟ್ಟು ಕೂತಿರುತ್ತಾಳೆ. ಅಂಚೆಗೆ ಮೂರು ವಾರ ಹಿಡಿದರೂ ಪರವಾಗಿಲ್ಲ, ಅಂಚೆಯವನು ನಡುವೆ ಬಾಯಿ ಹಾಕುವುದಿಲ್ಲ.

ಮೊದಲು ಅಣ್ಣನ ಸುದ್ದಿ. ಎಫ್ರೆನ್ ಮೊನ್ನೆ ಹಾಲು ಕರೆಯಲು ಹೋದವನು ಕೊಟ್ಟಿಗೆ ಸಿಗದೆ ಖಾಲಿ ಬಕೆಟ್ಟು ಹಿಡಿದು ವಾಪಸು ಬಂದ. ಕೊಟ್ಟಿಗೆ ಎಷ್ಟು ದೂರ ಎಂದು ನಿನಗೇ ಗೊತ್ತು. ಅವನಿಗಿನ್ನೂ ನಲವತ್ತನಾಲ್ಕು. ಅಪ್ಪನಿಗೂ ಹೆಚ್ಚುಕಡಿಮೆ ಇದೇ ವಯಸ್ಸಿಗೆ ಶುರುವಾಯಿತಂತೆ. 'ಒರ್ನೆಲಾಸ್ ಮನೆಯವರ ಮರೆವು' ಎಂದು ಊರಿನವರು ನಮ್ಮ ಬೆನ್ನ ಹಿಂದೆ ಆಡಿಕೊಳ್ಳುವುದು ಮತ್ತೆ ಮೊದಲಾಗಿದೆ.

ಈ ಮರೆವನ್ನು ಪರೀಕ್ಷೆ ಮಾಡಲು ಗ್ವಾದಲಹಾರದಿಂದ ಡಾಕ್ಟರುಗಳು ಬಂದಿದ್ದರು. ಚರ್ಚಿನ ಸಭಾಂಗಣದಲ್ಲಿ ಕುರ್ಚಿ ಹಾಕಿ ನಮ್ಮನ್ನೆಲ್ಲ ಕೂರಿಸಿದರು. ಒಬ್ಬಳು ಹುಡುಗಿ ಗಡಿಯಾರ ಹಿಡಿದುಕೊಂಡು ಎಫ್ರೆನ್‌ಗೆ, "ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಬರುತ್ತೋ ಅಷ್ಟೂ ಹೇಳಿ ನೋಡೋಣ" ಅಂದಳು. ಅಣ್ಣ ಕಣ್ಣರಳಿಸಿಕೊಂಡು "ಪಾಲೋಮಾ, ಪಿಂತಾ, ಮರಿಪೋಸಾ, ಚುಲಾ..." ಎಂದು ತನ್ನ ಒಂಬತ್ತು ಹಸುಗಳ ಹೆಸರನ್ನೂ ಒಪ್ಪಿಸಿದ. ಅವಳು ಒಂದೇ ಅಂಕ ಕೊಟ್ಟಳು. ನನಗೆ ರೇಗಿಹೋಯಿತು. "ಯಾಕಮ್ಮಾ, ಅವೇನು ಪ್ರಾಣಿ ಅಲ್ವಾ? ಬಂದು ಒಂದು ಸಲ ಹಾಲು ಕರಿ, ಒದ್ದಾಗ ಗೊತ್ತಾಗುತ್ತೆ" ಅಂದೆ. ಎಲ್ಲರೂ ನಕ್ಕರು. ಎಫ್ರೆನ್ ಎಲ್ಲರಿಗಿಂತ ಜೋರಾಗಿ ನಕ್ಕ, ಯಾಕೆ ನಗುತ್ತಿದ್ದೇವೆಂದು ಅವನಿಗೆ ಗೊತ್ತಾಗಲಿಲ್ಲ.

ಎಲ್ಲರ ರಕ್ತವನ್ನೂ ತೆಗೆದುಕೊಂಡು ಹೋದರು, ನನ್ನದನ್ನೂ. ಆದರೆ ಏನು ಸಿಕ್ಕಿತೆಂದು ಹೇಳುವುದಿಲ್ಲವಂತೆ. ಸಂಶೋಧನೆಯ ರಕ್ತಕ್ಕೆ ಹೆಸರಿಲ್ಲ, ನಂಬರು ಮಾತ್ರವಂತೆ. ನಾನು ಮೊಟ್ಟೆ ಶೆಡ್ಡಿನಲ್ಲಿ ದಿನಕ್ಕೆ ಸಾವಿರಾರು ಮೊಟ್ಟೆಗಳನ್ನು ದೀಪಕ್ಕೆ ಹಿಡಿದು, ಇದು ಒಳ್ಳೆಯದು ಇದು ಕೆಟ್ಟದ್ದು ಎಂದು ಬೇರೆ ಮಾಡುತ್ತೇನೆ. ಇವರು ನನ್ನ ಒಳಗನ್ನೆಲ್ಲ ನೋಡಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಂದು ಮಾತು ಮಾತ್ರ ಹೇಳಿದರು: ಅಪ್ಪನ ರಕ್ತದಲ್ಲಿ ಮರೆವಿನ ದೋಷ ಇದ್ದರೆ ಪ್ರತಿಯೊಂದು ಮಗುವಿಗೂ ಅರ್ಧಕ್ಕರ್ಧ ಸಂಭವ.

ಇನ್ನೊಂದು ಸುದ್ದಿ. ಮೊಟ್ಟೆ ಲಾರಿ ಓಡಿಸುವ ಲಿಸಾಂದ್ರೋ ನನ್ನನ್ನು ಮದುವೆಯಾಗು ಎಂದು ಕೇಳಿದ್ದಾನೆ. ಅವನಿಗೆ ನಾಲ್ಕು ಮಕ್ಕಳು ಬೇಕಂತೆ, ಅದನ್ನೂ ಹೇಳಿಯೇ ಕೇಳಿದ. ನನಗೆ ಅವನು ಇಷ್ಟ ಅಕ್ಕಾ. ನನಗೂ ನಾಲ್ಕು ಬೇಕು.

ನಾನೇನು ಮಾಡಲಿ, ಹೇಳು.

ನಿನ್ನ ತಂಗಿ,
ನಿಯೆವೆಸ್


ಲಾಸ್ ಏಂಜಲೀಸ್
9 ಫೆಬ್ರವರಿ 2009

ನಿಯೆವೆಸ್ ಮರೀ,

ಮದುವೆಯಾಗು. ನಾಳೆಯೇ ಆಗು. ಉಳಿದದ್ದನ್ನು ಓದದೆ ಹೋಗಿ ಅವನಿಗೆ ಹ್ಞೂಂ ಎಂದು ಬಾ.

ನಿನಗೆ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯವಿದೆ. ಇಲ್ಲಿಯ ವಿಶ್ವವಿದ್ಯಾಲಯದವರೂ ನಮ್ಮಂಥವರನ್ನು ಹುಡುಕಿಕೊಂಡು ಬಂದಿದ್ದರು. ಮರೆವಿನ ಬಗ್ಗೆ ಇದುವರೆಗೆ ಬರೆದದ್ದೆಲ್ಲ ಹೆಚ್ಚಾಗಿ ಬಿಳಿಯರ ರಕ್ತ ನೋಡಿ ಬರೆದದ್ದಂತೆ, ನಮ್ಮ ಕಡೆಯವರದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಈ ದೇಶದಲ್ಲಿರಲು ಪರವಾನಗಿ ಕಾಗದ ಇದೆಯೇ ಎಂದು ಕೇಳುವುದಿಲ್ಲ ಎಂದ ಮೇಲೆ ನಾನೂ ಹೋದೆ. ನನಗೂ ಒಂದು ನಿಮಿಷ ಕೊಟ್ಟರು, ತರಕಾರಿಗಳ ಹೆಸರಿಗೆ. ನಾನು ಶಾಲೆಯ ಅಡುಗೆಮನೆಯಲ್ಲಿ ಹನ್ನೆರಡು ವರ್ಷದಿಂದ ತರಕಾರಿ ಹೆಚ್ಚುವವಳು. ನಿಮಿಷ ಮುಗಿದರೂ ನನ್ನ ಬಾಯಿ ನಿಲ್ಲಲಿಲ್ಲ.

ಕೇಳಿದವರಿಗೆ ಇಲ್ಲಿ ರಕ್ತದ ಫಲಿತಾಂಶ ಹೇಳುತ್ತಾರೆ. ನಾನು ಕೇಳಿದೆ. ನನ್ನಲ್ಲಿ ಆ ದೋಷ ಇಲ್ಲ ಮರೀ. ಮನೆಗೆ ಬರುವ ಬಸ್ಸಿನಲ್ಲಿ ಜನರೆದುರಿಗೇ ಅತ್ತೆ. ನನಗಾಗಿ ಅತ್ತದ್ದಲ್ಲ.

ನಿನಗೂ ಏನೂ ಆಗುವುದಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ. ನನ್ನ ಮಾತು ನಂಬು.

ನಿನ್ನ ಅಕ್ಕ,
ಎಲೋದಿಯಾ


ಎಲ್ ತೆಪಾಮೆ
3 ಮಾರ್ಚ್ 2009

ಅಕ್ಕಾ,

ನಿನ್ನಲ್ಲಿ ಇಲ್ಲ ಎಂದು ಓದಿ ಸಂತೋಷವಾಯಿತು. ನಿಜವಾಗಿಯೂ ಆಯಿತು. ಆಮೇಲೆ ಮೊಟ್ಟೆ ಶೆಡ್ಡಿನ ಹಿಂದೆ ಹೋಗಿ ಅತ್ತೆ. ಅದು ಮಾತ್ರ ನನಗಾಗಿಯೇ.

ಎಫ್ರೆನ್‌ಗೆ ಬಂತು, ನಿನಗೆ ಬರಲಿಲ್ಲ. ಮೂರನೆಯವಳು ನಾನು. ನಮ್ಮ ಡಾಕ್ಟರಿಗೆ ಹೇಳಿದರೆ, "ಅಕ್ಕನಿಗೆ ಇಲ್ಲ ಅಂದ್ರೆ ನಿಮಗೂ ಇಲ್ಲ ಅಂತೇನಿಲ್ಲ ತಾಯಿ, ನಿಮ್ಮ ಲೆಕ್ಕ ನಿಮಗೇ ಬೇರೆ" ಅಂದರು. 'ನನ್ನ ಮಾತು ನಂಬು' ಅಂತೀಯ. ದಡ ಸೇರಿದವಳು ನೀನು, ನೀರಿನಲ್ಲಿರುವವಳಿಗೆ ಉಪದೇಶ ಸುಲಭ. ನಿನ್ನ ಮೇಲೆ ಸಿಟ್ಟಿಲ್ಲ. ಸ್ವಲ್ಪ ಇದೆ.

ಈಗ ಅಣ್ಣನಿಗೆ ಸ್ನಾನ ಮಾಡಿಸುವವಳು ನಾನೇ. ಅಮ್ಮ ಮುಟ್ಟಲು ಹೋದರೆ ನಾಚಿಕೊಂಡು, "ಯಾರಮ್ಮಾ ನೀನು, ಹೊರಗೆ ಹೋಗು" ಅನ್ನುತ್ತಾನೆ. ಸೋಪು ಹಚ್ಚುವಾಗಲೆಲ್ಲ ನನಗೆ ಒಂದೇ ಯೋಚನೆ, ನಾನೊಬ್ಬ ಮಗನನ್ನು ಹೆತ್ತರೆ ನಾಳೆ ನನಗೆ ಸ್ನಾನ ಮಾಡಿಸುವವನು ಅವನು, ಅವನಿಗೆ ಯಾರು? ಲಿಸಾಂದ್ರೋಗೆ ಇನ್ನೂ ಏನೂ ಹೇಳಿಲ್ಲ. ಪ್ರತಿ ಶುಕ್ರವಾರ ಲಾರಿ ನಿಲ್ಲಿಸಿ, "ನಿನ್ನ ಉತ್ತರ ಮೊಟ್ಟೆಯೊಳಗಿಂದ ಬರಬೇಕಾ, ಕಾವು ಕೊಡ್ತಾ ಇದ್ದೀಯಾ?" ಎಂದು ಕಿಚಾಯಿಸುತ್ತಾನೆ. ನಗುತ್ತೇನೆ.

ನಿಯೆವೆಸ್


ಲಾಸ್ ಏಂಜಲೀಸ್
20 ಮಾರ್ಚ್ 2009

ಅಮ್ಮಾ,

ನಿಯೆವೆಸ್ ಕೆಲಸಕ್ಕೆ ಹೋದ ಮೇಲೆ ಇದನ್ನು ಓದು, ಓದಿ ಒಲೆಗೆ ಹಾಕು.

ಸಾನ್ ಹುವಾನ್ ಚರ್ಚಿನ ದೇವಮಾತೆಯ ಮುಂದೆ ನನ್ನ ಕೈ ಹಿಡಿದು ನೀನು ಹಾಕಿಸಿದ ಆಣೆಯನ್ನು ಇಪ್ಪತ್ತೈದು ವರ್ಷ ನಡೆಸಿದ್ದೇನೆ. ಹದಿನಾರನೇ ವಯಸ್ಸಿಗೆ ನಾನು ಹೆತ್ತ ಕೂಸನ್ನು ನೀನು ನಿನ್ನ ಮಗಳೆಂದು ಬರೆಸಿದೆ. ಒಂದು ದಿನವೂ ನಾನು ತುಟಿ ಬಿಚ್ಚಲಿಲ್ಲ. ಈಗ ನನ್ನನ್ನು ಆಣೆಯಿಂದ ಬಿಡಿಸು.

ಇಲ್ಲಿಯ ಆಸ್ಪತ್ರೆಯವಳು ನಮ್ಮ ಮನೆಯವರನ್ನೆಲ್ಲ ಕಾಗದದ ಮೇಲೆ ಬರೆದಳು, ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು. ನಿಯೆವೆಸ್‌ಳನ್ನು ನನ್ನ ಪಕ್ಕದಲ್ಲಿ ಬರೆಸಿದೆ. ಅವಳು ಮಗಳಾಗಿ ನನ್ನ ಕೆಳಗೆ ಬರಬೇಕಿತ್ತು. ಪಕ್ಕದಲ್ಲಿದ್ದರೆ ಅವಳಿಗೆ ಅರ್ಧ ಭಯ, ಅಮ್ಮಾ. ನನ್ನ ಕೆಳಗಿದ್ದರೆ ಭಯವೇ ಇಲ್ಲ. ನನ್ನಲ್ಲಿ ಇಲ್ಲದ್ದು ಅವಳಿಗೆ ಎಲ್ಲಿಂದ ಹೋಗುತ್ತದೆ? ಅಪ್ಪನ ರೋಗ ನನಗೆ ದಾಟದೆ ನಿಂತುಹೋಯಿತು. ಅವಳು ಮದುವೆ ಬೇಡ, ಮಕ್ಕಳು ಬೇಡ ಅನ್ನುವವರೆಗೆ ಹೋಗಿದ್ದಾಳೆ. ನಮ್ಮ ಒಂದು ಮಾತಿಗೆ ಅವಳ ಬದುಕು ಉಳಿಯುತ್ತದೆ.

ಹೇಳಲೇ? ಬೇಗ ಬರೆ.

ಎಲೋದಿಯಾ


ಎಲ್ ತೆಪಾಮೆ
14 ಏಪ್ರಿಲ್ 2009

ಎಲೋದಿಯಾ,

ನಿನ್ನ ಕಾಗದ ಒಲೆಗೆ ಹಾಕಿದೆ. ನನ್ನ ಅಕ್ಷರ ಸೊಟ್ಟ, ಬೇರೆಯವರ ಕೈಲಿ ಬರೆಸೋ ಮಾತಲ್ಲ ಇದು.

ಬೇಡ. ಹೇಳಬೇಡ.

ನೀನು ಅಗ್ವಾಸ್‌ಕಾಲಿಯೆಂತೆಸ್‌ನಲ್ಲಿ ನಿನ್ನ ಚಿಕ್ಕಮ್ಮನ ಮನೇಲಿ ಬಸುರಿಯಾಗಿ ಕೂತಿದ್ದಾಗ ನಾನಿಲ್ಲಿ ನಾಲ್ಕು ತಿಂಗಳು ಲಂಗದೊಳಗೆ ಹಳೇ ರಗ್ಗು ಕಟ್ಟಿಕೊಂಡು ಪೂಜೆಗೆ ಹೋದೆ. ಪಾದ್ರಿಗಳು ಆ ರಗ್ಗಿಗೆ ಆಶೀರ್ವಾದ ಮಾಡಿದರು. ಆಗಲೇ ನಿಮ್ಮಪ್ಪನಿಗೆ ಮರೆವು ಶುರುವಾಗಿತ್ತು. ಎಲ್ಲರೆದುರು ಬಾಯಿ ಬಿಡ್ತಾರೇನೋ ಅಂತ ನನಗೆ ಜೀವ ಹೋಗ್ತಿತ್ತು. ಬಿಡಲಿಲ್ಲ. ನಿಜ ಏನು ಅನ್ನೋದನ್ನೇ ಮರೆತರು. ಅದು ತನ್ನದೇ ಕೂಸು ಅಂದುಕೊಂಡೇ ಕಣ್ಣು ಮುಚ್ಚಿದರು. ಆ ಒಂದು ವಿಷಯಕ್ಕೆ ಆ ಹಾಳು ರೋಗಕ್ಕೂ ಕೈಮುಗಿದೆ.

ಆಮೇಲೆ ನನ್ನನ್ನೂ ಮರೆತರು. ಈಗ ಎಫ್ರೆನ್ ಮರೆತ. ನೀನೋ, ಫೋನಿನೊಳಗಿನ ಮಗಳು. ದಿನಾ ಬೆಳಗ್ಗೆ ಎದ್ದು ನನ್ನ ಮುಖ ನೋಡಿ ಅಮ್ಮಾ ಅನ್ನೋಳು ಇವಳೊಬ್ಬಳೇ ಉಳಿದಿದಾಳೆ. ಇವಳಿಗೂ ನಾನು ಅಮ್ಮ ಅಲ್ಲ ಅಂತ ಹೇಳು ಅಂತೀಯಲ್ಲೇ, ನಿನಗೆ ಎದೆ ಹೇಗೆ ಬಂತು? ನಾನು ಸತ್ತ ಮೇಲೆ ಹೇಳು. ಎಷ್ಟು ವರ್ಷ ಇರ್ತೀನಿ?

ಅವಳನ್ನು ಮದುವೆಗೆ ಒಪ್ಪಿಸೋದು ನನ್ನ ಜವಾಬ್ದಾರಿ. ರೋಗ ಬರಲ್ಲ ಅಂತ ಮಾತೆ ನನ್ನ ಕನಸಲ್ಲಿ ಬಂದು ಹೇಳಿದಳು ಅಂತ ಹೇಳ್ತೀನಿ. ಬರಲ್ಲ ಅನ್ನೋದು ನಿಜವೇ ಅಂದಮೇಲೆ, ಯಾರು ಹೇಳಿದರೇನು?

ನಿನ್ನ ಅಮ್ಮ,
ರೆಫುಹಿಯೋ


ಲಾಸ್ ಏಂಜಲೀಸ್
2 ಮೇ 2009

ನಿಯೆವೆಸ್ ಮರೀ,

ಅಮ್ಮ ನಿನಗೆ ಒಂದು ವಿಷಯ ಹೇಳುತ್ತಾಳೆ. ಅವಳು ಹೇಳಿದ ಹಾಗೆ ಕೇಳು. ಅವಳ ಮೇಲೆ ನಿನಗೆ ನಂಬಿಕೆಯಿಲ್ಲದಿದ್ದರೆ ನನಗಾಗಿ ಕೇಳು.

ಇಲ್ಲಿ ಬಿಸಿಲು ಶುರುವಾಗಿದೆ. ಶಾಲೆಯ ಮಕ್ಕಳು ಊಟ ಬಿಟ್ಟು ಐಸು ಕೇಳುತ್ತಿದ್ದಾರೆ. ಬೇರೇನೂ ವಿಶೇಷವಿಲ್ಲ.

ಅವಸರದಲ್ಲಿ ಏನನ್ನೂ ತೀರ್ಮಾನ ಮಾಡಬೇಡ.

ನಿನ್ನ ಅಕ್ಕ,
ಎಲೋದಿಯಾ


ಎಲ್ ತೆಪಾಮೆ
28 ಜೂನ್ 2009

ಅಕ್ಕಾ,

ನೀನು ಹೇಳಿದಂತೆಯೇ ಅಮ್ಮ ವಿಷಯ ಹೇಳಿದಳು. ರೊಟ್ಟಿ ಬೇಯಿಸುತ್ತಿದ್ದವಳು ನನ್ನನ್ನು ಒಲೆಯ ಪಕ್ಕ ಕೂರಿಸಿಕೊಂಡು, "ನಿನಗೆ ಬರಲ್ಲ ಕಣೇ, ಮಾತೆ ಕನಸಲ್ಲಿ ಬಂದು ಹೇಳಿದಳು, ನೀಲಿ ಮೇಲುಹೊದಿಕೆ ಹಾಕಿಕೊಂಡಿದ್ದಳು" ಅಂದಳು.

ನಿನಗೆ ಗೊತ್ತಿಲ್ಲ ಅಕ್ಕಾ, ನೀನು ಹೋದ ಮೇಲಿನ ಮಾತು ಇದು. ಎಫ್ರೆನ್ ಮೊದಲ ಸಲ ಹೆಂಡತಿಯ ಹೆಸರು ಮರೆತಾಗಲೂ ಅಮ್ಮನಿಗೆ ಇದೇ ಕನಸು ಬಿದ್ದಿತ್ತು. ಇದೇ ನೀಲಿ ಮೇಲುಹೊದಿಕೆ. 'ನಿನಗೇನೂ ಆಗಲ್ಲ ಮಗನೇ' ಎಂದು ಅವನ ಹಣೆಗೆ ಮುತ್ತು ಕೊಟ್ಟಿದ್ದಳು. ಅದಾಗಿ ಎರಡು ವರ್ಷಕ್ಕೆ ಹೆಂಡತಿ ತವರಿಗೆ ಹೋದಳು. ಅಮ್ಮ ಯಾರಿಗಾಗಿ ಹೆದರುತ್ತಾಳೋ ಅವರಿಗಾಗಿಯೇ ಆ ಕನಸು ಕಾಣುವುದು. ನನ್ನಲ್ಲಿ ಏನನ್ನೋ ಕಂಡಿದ್ದಾಳೆ ಎಂದುಕೊಂಡೆ. ಅದೇ ವಾರ ಉಪ್ಪಿನ ಡಬ್ಬಿ ಎಲ್ಲಿಟ್ಟೆನೆಂದು ಎರಡು ಸಲ ಮರೆತಿದ್ದೆ.

ಶುಕ್ರವಾರ ಲಿಸಾಂದ್ರೋಗೆ ಇಲ್ಲ ಎಂದೆ. ಯಾಕೆಂದು ಕೇಳಿದ. ಹೇಳಿದೆ. "ಮಕ್ಕಳು ಬೇಡ ಬಿಡು, ನೀನು ಸಾಕು" ಅಂದ. ಅವನು ಹಾಗೆ ಅನ್ನಬಾರದಿತ್ತು ಅಕ್ಕಾ. ಹಾಗೆ ಅಂದದ್ದಕ್ಕೇ ನನಗೆ ಭಯವಾಯಿತು. ಮದುವೆಯಾದರೆ ಒಂದಲ್ಲ ಒಂದು ದಿನ ನಾನೇ ಸೋಲುತ್ತೇನೆ, ಒಂದು ಮಗು ಇರಲಿ ಎನ್ನುತ್ತೇನೆ.

ಹನ್ನೆರಡನೇ ತಾರೀಕು ಎಫ್ರೆನ್‌ಗೆ ಔಷಧಿ ತರುತ್ತೇನೆಂದು ಹೇಳಿ ತೆಪಾತಿತ್ಲಾನ್‌ಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಇನ್ನು ಮಕ್ಕಳಾಗುವುದಿಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಬೇಡ ಎಂದು ಡಾಕ್ಟರು ಎರಡು ಸಲ ವಾಪಸು ಕಳಿಸಿದ್ದರು. ಆಪರೇಷನ್ನಿಗೆ ಮೂರು ದಿನ ಮುಂಚೆ, ಮೂರನೇ ಸಲ, ಎಫ್ರೆನ್‌ನನ್ನೇ ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿದೆ. ಅವನು ಡಾಕ್ಟರ ಮೇಜಿನ ಮೇಲಿದ್ದ ಮೇಣದ ಹಣ್ಣನ್ನು ತಿನ್ನಲು ಹೋದ. ಡಾಕ್ಟರು ಸಹಿ ಹಾಕಿದರು.

ಅಮ್ಮನಿಗೆ ಗೊತ್ತಿಲ್ಲ. ಫೋನಿನಲ್ಲಿ ಎತ್ತಬೇಡ. ನೋವು ಹೆಚ್ಚಿಲ್ಲ. ಯಾರೂ ನನ್ನಿಂದ ಇದನ್ನು ಪಡೆಯುವುದಿಲ್ಲ ಎಂದು ಒಂದು ನೆಮ್ಮದಿ ಇದೆ.

ನಿಯೆವೆಸ್


ಲಾಸ್ ಏಂಜಲೀಸ್
19 ಜುಲೈ 2009

ನಿಯೆವೆಸ್,

ಇದನ್ನು ನಾಲ್ಕು ಸಲ ಬರೆದು ಹರಿದೆ. ಹೇಗೆ ಬರೆದರೂ ಇದು ತಡವಾದ ಕಾಗದವೇ.

ನಿನ್ನನ್ನು ಹೆತ್ತವಳು ನಾನು. ಅಮ್ಮನಲ್ಲ.

ನನಗೆ ಹದಿನಾರು. ಮದುವೆಮನೆಯಲ್ಲಿ ತುತ್ತೂರಿ ನುಡಿಸಲು ಝಕಾತೆಕಾಸ್‌ನಿಂದ ಬಂದ ಹುಡುಗ. ನೀನು ಹುಟ್ಟಲಿದ್ದೀಯೆಂದು ಅವನಿಗೆ ತಿಳಿಯಲೇ ಇಲ್ಲ. ನಮ್ಮ ಕಡೆ ಇಂಥ ಕೂಸುಗಳನ್ನು ಏನು ಮಾಡುತ್ತಾರೆಂದು ನಿನಗೆ ಗೊತ್ತು. ಇನ್ನೆರಡು ಮನೆಗಳ ಬಗ್ಗೆ ನೀನೇ ನನಗೆ ಬರೆದು ನಕ್ಕಿದ್ದೀಯ. ಅಜ್ಜಿ ತಾಯಿಯಾಗುತ್ತಾಳೆ, ತಾಯಿ ಅಕ್ಕನಾಗುತ್ತಾಳೆ, ಊರು ನೋಡಿಯೂ ನೋಡದಂತೆ ಇರುತ್ತದೆ. ಅಪ್ಪ ನಿನಗೆ ತಾತ. ಅವರ ರೋಗ ನಿನ್ನನ್ನು ತಲುಪಬೇಕಿದ್ದರೆ ನನ್ನ ಮೂಲಕವೇ ಬರಬೇಕಿತ್ತು. ನನ್ನಲ್ಲಿ ಅದಿಲ್ಲ. ನಿನ್ನಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಹುಟ್ಟಿದ ದಿನದಿಂದ ನೀನು ಹೆದರಬೇಕಾದ ಕಾರಣವೇ ಇರಲಿಲ್ಲ.

ಫೆಬ್ರವರಿಯಲ್ಲೇ ನನಗೆ ಗೊತ್ತಿತ್ತು. ಆಣೆ ಇತ್ತು, ಅಮ್ಮ ಬೇಡವೆಂದಳು, ಇವೆಲ್ಲ ನಿಜ. ಆದರೆ ಪೆನ್ನು ನನ್ನ ಕೈಯಲ್ಲೇ ಇತ್ತು. ನೀನು ಅಕ್ಕಾ ಎಂದು ಬರೆಯುವ ಕಾಗದಗಳೂ ನಿಂತುಹೋದರೆ ಎಂದು ಹೆದರಿದೆ. ಹೇಡಿ ನಾನು.

ಇನ್ನು ಹೇಗೆ ಸಹಿ ಹಾಕಲಿ?

ಎಲೋದಿಯಾ


ಎಲ್ ತೆಪಾಮೆ
30 ಸೆಪ್ಟೆಂಬರ್ 2009

ಎಲೋದಿಯಾ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಓದಿದೆ. ಆಮೇಲೆ ಮೊಟ್ಟೆಗಳನ್ನು ದೀಪಕ್ಕೆ ಹಿಡಿಯುತ್ತಲೇ ಹೋದೆ. ಸಂಜೆ ಮೇಸ್ತ್ರಿ ಬಂದು, "ಏನವ್ವಾ, ಇವತ್ತು ಎಲ್ಲವನ್ನೂ ಒಳ್ಳೇದರ ಕಡೆಗೇ ಇಟ್ಟಿದ್ದೀಯಲ್ಲ" ಅಂದ.

ತೆಪಾತಿತ್ಲಾನ್‌ನ ಡಾಕ್ಟರ ಹತ್ತಿರ ಹೋಗಿ ಮತ್ತೆ ಸರಿಮಾಡಲು ಆಗುತ್ತದೆಯೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗಂಟು ಹಾಕಿದ್ದಲ್ಲಮ್ಮಾ, ಕತ್ತರಿಸಿದ್ದು" ಅಂದರು. ಲಿಸಾಂದ್ರೋಗೆ ಡಿಸೆಂಬರಿನಲ್ಲಿ ಮದುವೆ. ಹುಡುಗಿ ಒಳ್ಳೆಯವಳು, ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಲಾರಿ ಈಗ ಶುಕ್ರವಾರ ನಿಲ್ಲುವುದಿಲ್ಲ.

ನಿನಗೆ ಬರೆಯಲು ಎಷ್ಟೋ ಬೈಗುಳ ಹುಡುಕಿದೆ. ಒಂದು ಸಾಲು ಸಾಕಿತ್ತು, ಎಲೋದಿಯಾ. ತರಕಾರಿಯ ಕಥೆ ಬರೆದ ಕಡೆ ಆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನಗೆ ಮರೆವು ಬರುವುದಿಲ್ಲ ಎಂದು ಖಾತ್ರಿ ಕೊಟ್ಟಿದ್ದೀಯ. ಹಾಗಾದರೆ ಇದನ್ನೆಲ್ಲ ಇಟ್ಟುಕೊಂಡೇ ಮುದುಕಿಯಾಗಬೇಕು. ಎಫ್ರೆನ್‌ನ ಮೇಲೆ ಕೆಲವು ಸಲ ಹೊಟ್ಟೆಕಿಚ್ಚಾಗುತ್ತದೆ.

ಅಮ್ಮನನ್ನು ನಾನು ಏನೂ ಕೇಳಿಲ್ಲ. ಕೇಳಬೇಕೆಂದೇ ಒಂದು ಬೆಳಗ್ಗೆ ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಎಫ್ರೆನ್ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡು, "ಯಾರದೋ ಮನೆ ಮುದುಕಿ, ನಮ್ಮ ಮನೇಲಿ ಯಾಕಿದೀಯ?" ಎಂದು ಕೂಗಿದ. ಅವಳು ಗೋಡೆಗೆ ಒರಗಿ ನಿಂತು ನನ್ನ ಮುಖ ನೋಡಿದಳು. "ಅಮ್ಮಾ, ಬಾ, ಕೂತ್ಕೋ, ನಾನು ಬಡಿಸ್ತೀನಿ" ಅಂದೆ. ಬೇರೆ ಏನು ಅನ್ನಲಿ? ಅವಳು ಕೂತಳು. ಎರಡು ರೊಟ್ಟಿ ತಿಂದಳು. ನನಗೆ ನಿಜ ತಿಳಿದಿದೆ ಎಂದು ಅವಳಿಗೆ ಎಂದೂ ಗೊತ್ತಾಗಬಾರದು. ಈ ಸಲ ನೀನು ನನಗೆ ಆಣೆ ಮಾಡು.

ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ. ಕ್ಷಮಿಸಿದ ದಿನ ತಿಳಿಸುತ್ತೇನೆ, ಕಾಯಬೇಡ. ಈಗ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರೆ. ನೀನು ನನ್ನನ್ನು ಎಷ್ಟು ದಿನ ಇಟ್ಟುಕೊಂಡಿದ್ದೆ?

ನಿಯೆವೆಸ್


ಲಾಸ್ ಏಂಜಲೀಸ್
22 ಅಕ್ಟೋಬರ್ 2009

ನಿಯೆವೆಸ್,

ಹನ್ನೊಂದು ದಿನ.

ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಬೆಡ್‌ಶೀಟು ಕಟ್ಟಿಕೊಂಡು. ನೀನು ಎಡಗಡೆ ಮಾತ್ರ ಹಾಲು ಕುಡಿಯುತ್ತಿದ್ದೆ, ಬಲಗಡೆಗೆ ಹಾಕಿದರೆ ರಂಪ ಮಾಡುತ್ತಿದ್ದೆ. ಹನ್ನೆರಡನೇ ದಿನ ಅಮ್ಮ ಬಂದು ನಿನ್ನನ್ನು ಶಾಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ನನಗೆ ಎದೆ ಬಿಗಿದು ಜ್ವರ ಬಂತು, ಚಿಕ್ಕಮ್ಮ ಎಲೆಕೋಸಿನ ಎಲೆ ಕಟ್ಟಿದಳು. ತಿಂಗಳು ಕಳೆದು ನಾನು ಊರಿಗೆ ಬರುವಷ್ಟರಲ್ಲಿ ನೀನು ಬಾಟಲಿಗೆ ಹೊಂದಿಕೊಂಡಿದ್ದೆ.

ಆಣೆ ಮಾಡುತ್ತೇನೆ, ಅಮ್ಮನಿಗೆ ಗೊತ್ತಾಗುವುದಿಲ್ಲ.

ನೀನು ಕೇಳದ ಇನ್ನೊಂದನ್ನೂ ಬರೆಯುತ್ತೇನೆ, ಇನ್ನು ಯಾವುದನ್ನೂ ಮುಚ್ಚಿಡುವುದಿಲ್ಲವಾದ್ದರಿಂದ. ಊರಿಗೆ ಬಂದ ಮೇಲೆ ಎರಡು ವರ್ಷ ನಾನು ನಿನ್ನ ಜೊತೆ ಅದೇ ಮನೆಯಲ್ಲಿದ್ದೆ. ನಿನಗೆ ಹನ್ನೊಂದು ತಿಂಗಳಿದ್ದಾಗ ಒಂದು ಮಧ್ಯಾಹ್ನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನೀನು ತೊಟ್ಟಿ ಹಿಡಿದು ಎದ್ದು ನಿಂತು, ನನ್ನ ಕಡೆ ಕೈ ಚಾಚಿ, "ಅಮ್ಮ" ಅಂದೆ. ಅಮ್ಮ ಬಾಗಿಲಲ್ಲಿ ಕಾಳು ಆರಿಸುತ್ತಾ ಕೂತಿದ್ದಳು. ಅವಳ ಕೈ ನಿಂತಿತು. ನಾನು ನಿನ್ನ ಮುಂದೆ ಮಂಡಿಯೂರಿ, "ಅಲ್ಲ ಮರೀ, ಅಕ್ಕ. ಅಕ್ಕ ಅನ್ನು" ಅಂದೆ. ನೀನು ಮತ್ತೆ ಅಮ್ಮ ಅಂದೆ. ನಾನು ಮತ್ತೆ ಹೇಳಿಕೊಟ್ಟೆ. ಮೂರನೇ ಸಲಕ್ಕೆ ನೀನು ಸರಿಯಾಗಿ ಹೇಳಿದೆ. ಅಮ್ಮ ಕಾಳು ಆರಿಸುವುದನ್ನು ಮುಂದುವರಿಸಿದಳು. ನಾನು ನಿನಗೆ ಚಪ್ಪಾಳೆ ತಟ್ಟಿದೆ.

ಎಲೋದಿಯಾ